ಹೊಟ್ಟೆ ಮುಚ್ಚದ ಕೌದಿ

ಹೊಸ್ತಿಲು ದಾಟಿ ಗೇಣಷ್ಟು ಒಳಗೆ ಬಂದಿದ್ದ ಬಿಸಿಲಿನಲ್ಲಿ ಕೂತು ಶಿರೀಷಾ ಸೂಜಿಗಳಿಗೆ ದಾರ ಪೋಣಿಸುತ್ತಿದ್ದಳು. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಬೆರಳಲ್ಲಿ ಹೊಸೆದು, ಸೂಜಿಯನ್ನು ಬೆಳಕಿಗೆ ಹಿಡಿದು ಹಾಯಿಸಿ, ಎರಡು ಮೊಳ ಎಳೆದು, ಗಂಟು ಹಾಕಿ ಹಳೆಯ ದಿಂಬಿಗೆ ಚುಚ್ಚುತ್ತಿದ್ದಳು. ಮೂರು ವರ್ಷದ ಮಗಳು ಶಾಮಲಾ ಎದುರಿಗೆ ಕೂತು ದಾರದ ಉಂಡೆಯನ್ನು ಹಕ್ಕಿಮರಿ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ತಾಯಿ ಎಳೆದಾಗಲೆಲ್ಲ ಉಂಡೆ ಆ ಪುಟ್ಟ ಅಂಗೈಗಳೊಳಗೆ ತಿರುಗುತ್ತಿತ್ತು. ಇಬ್ಬರೂ ಮಾತಾಡುತ್ತಿರಲಿಲ್ಲ. ಏಳನೆಯ ಸೂಜಿ ದಿಂಬಿಗೆ ಹೋದ ಮೇಲೆ ಶಿರೀಷಾ ಒಮ್ಮೆ ಎಣಿಸಿದಳು. ಬೆಳಿಗ್ಗೆ ಏಳು, ಕೆಲಸ ಬಿಟ್ಟಾಗ ಏಳು. ಒಂದು ಕಡಿಮೆಯಾದರೆ ಅದು ಕೌದಿಯೊಳಗೆ ಯಾರದೋ ಬೆನ್ನಿಗೆ ಕಾದು ಕೂತಿದೆ ಎಂದೇ ಅರ್ಥ.

ಅಂಗಳದಲ್ಲಿ ಕುರಿಮರಿಗಳಿಗೆ ತೊಗರಿ ಹೊಟ್ಟು ಹಾಕುತ್ತಿದ್ದ ಅತ್ತೆ ಲಕ್ಷ್ಮಿಬಾಯಿ ಬಾಗಿಲಲ್ಲಿ ಇಣುಕಿದಳು.

"ಅವ್ವ ಮಾತಾಡಾಂಗಿಲ್ಲ, ಮಗಳು ಮಾತಾಡಾಂಗಿಲ್ಲ. ಈ ಮನಿಗಿಂತ ನನ್ನ ಕುರಿ ದಡ್ಡಿ ಚಲೋ. ಅಲ್ಲಿ ಬ್ಯಾ ಅಂತಾದ್ರೂ ಅಂತಾವ."

ಶಿರೀಷಾ ಸದ್ದಿಲ್ಲದೆ ನಕ್ಕಳು.

"ಅಂಗಡಿಗಿ ಬಾಗಿಲಿಲ್ಲ, ಅಂಗಡ್ಯಾಕಿಗಿ ಬಾಯಿಲ್ಲ. ಇದೆಂಥಾ ಯಾಪಾರ ನಡಸ್ಯಾಳೋ ನಮ್ಮ ಸೊಸಿ, ಆ ಬೀರಪ್ಪಗೇ ಗೊತ್ತು."

ಅಂಗಡಿ ಇದ್ದದ್ದು ಕಿಟಕಿಯ ಕಟ್ಟೆಯ ಮೇಲಿಟ್ಟ ಫೋನಿನೊಳಗೆ. ಶಾಮಲಾ ಹುಟ್ಟಿದ ಮೇಲೆ ಶಿರೀಷಾ ಕೂಲಿಗೆ ಹೋಗುವುದು ನಿಂತಿತ್ತು. ಗಂಡ ಗುರುಲಿಂಗ ನ್ಯಾಲ್ಕಲ್‌ನಿಂದ ಜಹೀರಾಬಾದಿಗೆ ಜೀಪು ಹೊಡೆಯುತ್ತಿದ್ದ. ಮನೆಯಲ್ಲೇ ಕೂತು ಅವಳು ಹೊಲಿದ ಒಂದು ಕೌದಿಯನ್ನು ನೋಡಿದ ಅಂಗನವಾಡಿ ಟೀಚರು, "ಇದನ್ನ ಫೋನಿನ್ಯಾಗ ಹಾಕವ್ವ, ಪ್ಯಾಟಿ ಮಂದಿ ಮುಗಿಬಿದ್ದು ತಗೋತಾರ" ಎಂದು ತಾನೇ ಕೂತು ಅಂಗಡಿ ಮಾಡಿಕೊಟ್ಟಿದ್ದಳು. ಹೆಸರು ಏನಿಡಲಿ ಎಂದಾಗ ಶಿರೀಷಾ ತಡವರಿಸದೆ ಹೇಳಿದ್ದು ಅದೊಂದೇ ಮಾತು: "ಈರವ್ವನ ಕೌದಿ." ಈರಮ್ಮ ಅವಳ ತಾಯಿ. ಊರಿನ ಬಾಯಲ್ಲಿ ಈರವ್ವ.

ಆ ಅಂಗಡಿ ಶಿರೀಷಾಗೆ ಹೇಳಿ ಮಾಡಿಸಿದಂತಿತ್ತು. ಗಿರಾಕಿಗಳ ಮುಖ ಕಾಣುವುದಿಲ್ಲ. ಯಾರೂ "ಜೋರಾಗಿ ಹೇಳವ್ವ, ಕೇಳಸಾಂಗಿಲ್ಲ" ಅನ್ನುವುದಿಲ್ಲ. ಅವರು ಬರೆಯುತ್ತಾರೆ, ಅವಳು ಬರೆಯುತ್ತಾಳೆ. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವಳಾದರೂ ಅವಳ ಅಕ್ಷರ ಸ್ವಚ್ಛವಾಗಿತ್ತು, ಮಾತಿಗಿಂತ ಸ್ವಚ್ಛ. ಎಂಟು ತಿಂಗಳಲ್ಲಿ ಹನ್ನೊಂದು ಕೌದಿ ಹೋಗಿದ್ದವು.

ಫೋನು ಕಿಣಿ ಎಂದಿತು. ತಾಂಡೂರಿನ ಗಿರಾಕಿ, ಕೌಶಲ್ಯಾ ಎಂಬ ಶಾಲೆ ಟೀಚರು. ಕೌದಿ ಕಳಿಸಿ ಮೂರು ದಿನವಾಗಿತ್ತು.

"ಕೌದಿ ಮುಟ್ಟಿತು. ತುಂಬಾ ಚೆನ್ನಾಗಿದೆ. ಆದರೆ ನಡುವೆ ಒಂದು ಸೂಜಿ ಚುಚ್ಚಿಕೊಂಡೇ ಇತ್ತು. ದಾರ ಸಮೇತ."

ಶಿರೀಷಾ ದಿಂಬನ್ನು ನೋಡಿದಳು. ಏಳು. ನಿನ್ನೆಯೂ ಏಳಿದ್ದವು, ಮೊನ್ನೆಯೂ ಏಳಿದ್ದವು. ಹಾಗಾದರೆ ಆ ಸೂಜಿ ಯಾವುದು? ಅಷ್ಟು ಕೇಳಿಕೊಂಡವಳೇ ಎದ್ದು ಒಳಗೆ ಹೋಗಿ ತಗಡಿನ ಟ್ರಂಕು ತೆಗೆದಳು. ತಾಂಡೂರಿಗೆಂದು ಇಪ್ಪತ್ತು ದಿನ ಕೂತು ಹೊಲಿದ ಹೊಸ ಕೌದಿ ಮಡಿಕೆ ಮುರಿಯದೆ ಅಲ್ಲೇ ಇತ್ತು. ಅದರ ಕೆಳಗೆ ಬೇವಿನ ಎಲೆ ಹಾಕಿ ಇಟ್ಟಿದ್ದ ಕೌದಿ ಇರಲಿಲ್ಲ. ಒಣಗಿದ ಎಲೆಗಳು ಮಾತ್ರ ತಳದಲ್ಲಿ ಬಿದ್ದಿದ್ದವು.

ಹೋಗಿದ್ದು ಅವಳ ಅವ್ವನ ಕೌದಿ.

*

ಹೋಳಿ ಹುಣ್ಣಿಮೆ ಕಳೆದು ಹೊಲಗಳೆಲ್ಲ ಖಾಲಿಯಾದಾಗ ಈರವ್ವ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದಳು. ಗಂಡ ಕುರಿಗಳ ಹಿಂದೆ ಹೋಗಿರುತ್ತಿದ್ದ, ಮುಂಗಾರಿಗೇ ಅವನ ಮುಖ ಕಾಣುವುದು. ಈರವ್ವನ ಚೀಲದೊಳಗೆ ಏಳು ಸೂಜಿ, ದಾರದ ಉಂಡೆಗಳು, ಒಂದು ಎಲೆಯಡಿಕೆ ಸಂಚಿ. ಹಿಂದೆ ಆಗಿನ್ನೂ ಪುಟ್ಟವಳಾದ ಶಿರೀಷಾ. ಝರಾಸಂಗಂ, ರಾಯಿಕೋಡ್, ಅಲ್ಲಿಂದ ನಾರಾಯಣಖೇಡದ ಕಡೆಯ ಹಳ್ಳಿಗಳು. ಒಂದೊಂದು ಮನೆಯಲ್ಲಿ ಎಂಟು ದಿನ, ಹತ್ತು ದಿನ. ಅಂಗಳದ ನೆರಳಿನಲ್ಲಿ ಚಾಪೆ ಹಾಸಿ ಕೂತರೆ ಮನೆಯ ಹೆಂಗಸರು ವರ್ಷದ ಹಳೆಯ ಸೀರೆ, ಧೋತರ, ಕುಬಸಗಳನ್ನು ತಂದು ಸುರಿಯುತ್ತಿದ್ದರು.

ಈರವ್ವ ಎಂದೂ ತಾನಾಗಿ ಸೀರೆ ಹರಿದವಳಲ್ಲ. ಮೊದಲ ಸೀಳು ಮನೆಯಾಕೆಯೇ ಹಾಕಬೇಕು. ಸೀರೆಯ ಅಂಚಿಗೆ ಹಲ್ಲಿನಿಂದ ಒಂದು ಕಚ್ಚು ಹಾಕಿ, "ತಗೋರಿ ಅವ್ವಾರೇ, ನಿಮ್ಮ ಕೈಲೆ ಹರದು ಕೊಡ್ರಿ" ಎಂದು ಅವರ ಕೈಗಿಡುತ್ತಿದ್ದಳು. ಕೆಲವರು ಪರ್ರನೆ ಹರಿದು ಕೊಟ್ಟು ಒಲೆಯ ಮುಂದೆ ಹೋಗುತ್ತಿದ್ದರು. ಕೆಲವರು ಅಂಚು ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದರು. ಇದು ನಮ್ಮಣ್ಣ ಪಂಚಮಿಗೆ ತಂದದ್ದು, ಇದನ್ನು ಉಟ್ಟ ದಿನವೇ ನಮ್ಮ ಎಮ್ಮೆ ಈದಿತ್ತು, ಎಂದು ಕಥೆ ಶುರುವಾಗುತ್ತಿತ್ತು. ಈರವ್ವ "ಹೌದೇನ್ರಿ, ಹೌದೇನ್ರಿ" ಎಂದು ಎಲೆ ಮಡಚುತ್ತ ಕೇಳುತ್ತಿದ್ದಳು. ಮಾತೆಲ್ಲ ಅವಳದು. ಶಿರೀಷಾ ಸೂಜಿ ಪೋಣಿಸುವವಳು. ಆಮೇಲಾಮೇಲೆ ಈರವ್ವನ ಕಣ್ಣಿಗೆ ಸೂಜಿಯ ತೂತು ಪೂರಾ ಕಾಣದಾಯಿತು. ಆ ವರ್ಷ ಜೂನಿನಲ್ಲಿ ಶಾಲೆ ತೆರೆದಾಗ ಶಿರೀಷಾ ಹೋಗಲಿಲ್ಲ. ಯಾರೂ ಹೋಗಬೇಡ ಅಂದಿರಲಿಲ್ಲ. ಅವ್ವನ ಏಳು ಸೂಜಿಗಳಿಗೆ ಯಾರಾದರೂ ಬೇಕಿತ್ತಲ್ಲ.

ಕೌದಿಯನ್ನು ಅಂಚಿನಿಂದ ಹೊಲಿಯುತ್ತ ಸುತ್ತಿ ಸುತ್ತಿ ನಡುವಿಗೆ ಬರಬೇಕು. ನಡುವೆ ಅಂಗೈಯಗಲದ ಕೆಂಪು ತುಂಡು. ಅದರ ಮೂರು ಬದಿ ಹೊಲಿದು ಒಂದು ಬದಿ ಬಿಟ್ಟರೆ ಅದು ಕೌದಿಯ ಹೊಟ್ಟೆ. ಅದರೊಳಗೆ ಮನೆಯಾಕೆ ಒಂದು ಚಿಟಿಕೆ ಜೋಳ ಹಾಕಬೇಕು, ಆಮೇಲೆ ನಾಲ್ಕನೆಯ ಬದಿ ಮುಚ್ಚಬೇಕು.

"ಹಸದ ಕೌದಿ ಹೊತಗೊಂಡು ಮಲಗಿದ್ರ ಕನಸಿನ್ಯಾಗೂ ಹಸಿವಿ ಆಗ್ತದ," ಅನ್ನುತ್ತಿದ್ದಳು ಈರವ್ವ.

ಕೂಲಿ ಎಂದರೆ ಜೋಳ, ಜೊತೆಗೆ ಒಂದು ಹಳೆಯ ಸೀರೆ. ಆ ಸೀರೆಯಲ್ಲಿ ಒಂದು ತುಂಡನ್ನು ಈರವ್ವ ಬೇರೆ ತೆಗೆದಿಡುತ್ತಿದ್ದಳು. "ಇವೆಲ್ಲಾ ಕೂಡಿಸಿ ಒಂದಿನ ನಿನಗ ಹೊಲೀತೀನಿ" ಎನ್ನುವುದು ವರ್ಷಾ ವರ್ಷಾ ಇದ್ದೇ ಇತ್ತು. ರಾಯಿಕೋಡಿನ ಒಂದು ಮನೆ ಶಿರೀಷಾಗೆ ಎಲ್ಲಕ್ಕಿಂತ ಚೆನ್ನಾಗಿ ನೆನಪಿತ್ತು. ಅಂಗಳದ ತುಂಬ ಬೇವಿನ ಮರದ ನೆರಳು. ಆ ಮನೆಯ ಎತ್ತರದ ಹೆಂಗಸು ಬೆಲ್ಲದ ಹೆಂಟೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಬಂದು, "ಬೇಕು ಅನ್ನು, ಕೊಡ್ತೀನಿ" ಅನ್ನುತ್ತಿದ್ದಳು. ಶಿರೀಷಾ ನೆಲ ನೋಡುತ್ತಿದ್ದಳು. "ಮೂಕಿ ಏನಬೇ ಈರಿ, ನಿನ್ನ ಮಗಳು?" ಎಂದು ನಕ್ಕು, ಕೊನೆಗೆ ತಾನೇ ಅವಳ ಕೈಯೊಳಗೆ ಬೆಲ್ಲ ಒತ್ತಿ ಹೋಗುತ್ತಿದ್ದಳು. ಆ ಬೆಲ್ಲದ ರುಚಿಗಿಂತ, ಬೇಕು ಎನ್ನಲಾಗದೆ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತಿನ ರುಚಿಯೇ ಶಿರೀಷಾಗೆ ಹೆಚ್ಚು ನೆನಪಿತ್ತು.

ಬರಬರುತ್ತ ಊರೂರಿಗೂ ಬಣ್ಣದ ರಗ್ಗುಗಳು ಬಂದವು. ಈರವ್ವನನ್ನು ಕರೆಯುವ ಅಂಗಳಗಳು ಕಡಿಮೆಯಾದವು. ಶಿರೀಷಾ ಬಸುರಿಯಾಗಿ ತವರಿಗೆ ಬಂದಾಗ ಈರವ್ವ ಆ ಬೇರೆ ತೆಗೆದಿಟ್ಟ ತುಂಡುಗಳ ಗಂಟು ಬಿಚ್ಚಿದಳು. ಮಗಳು ಪೋಣಿಸಿಕೊಟ್ಟಳು, ತಾಯಿ ಕೈಯ ಅಂದಾಜಿನಲ್ಲೇ ಹೊಲಿದಳು. ಹೊಟ್ಟೆಯ ಮೂರು ಬದಿ ಮುಗಿದಿತ್ತು. "ಕೂಸು ಬಂದು ಜ್ವಾಳ ಹಾಕಲಿ, ಮುಚ್ಚೋಣು" ಎಂದು ಸೂಜಿಯನ್ನು ಅಲ್ಲೇ ಚುಚ್ಚಿಟ್ಟಳು. ಶಾಮಲಾ ಹುಟ್ಟಿದ ಹದಿನೈದನೆಯ ದಿನ ಬೆಳಿಗ್ಗೆ ನೀರು ಕಾಯಿಸುತ್ತಿದ್ದ ಈರವ್ವ ಒಲೆಯ ಮುಂದೆಯೇ ಪಕ್ಕಕ್ಕೆ ವಾಲಿದವಳು ಏಳಲಿಲ್ಲ.

ಶಿರೀಷಾ ಆ ಹೊಟ್ಟೆಯನ್ನು ಮುಚ್ಚಲಿಲ್ಲ. ಆಗಾಗ ಟ್ರಂಕು ತೆಗೆದು ಆ ಕೆಂಪು ತುಂಡಿನೊಳಗೆ ಎರಡು ಬೆರಳು ತೂರಿಸಿ ಕೂರುತ್ತಿದ್ದಳು. ಶಾಮಲಾಳೂ ತನ್ನ ಪುಟ್ಟ ಬೆರಳು ತೂರಿಸುತ್ತಿದ್ದಳು. ಒಳಗೆ ಏನೂ ಇರಲಿಲ್ಲ, ಆದರೆ ಅದು ತೆರೆದಿತ್ತು. ತೆರೆದಿರುವಷ್ಟು ದಿನ ಅವ್ವ ನೀರು ಕುಡಿಯಲು ಎದ್ದು ಹೋಗಿದ್ದಾಳೆ, ಬಂದು ಮುಗಿಸುತ್ತಾಳೆ ಅನ್ನುವಂತಿತ್ತು.

*

ಮಧ್ಯಾಹ್ನ ಊಟಕ್ಕೆ ಬಂದ ಗುರುಲಿಂಗನಿಗೆ ಅವಳು ತೆರೆದ ಟ್ರಂಕನ್ನು ತೋರಿಸಿದಳು.

"ತಾಂಡೂರಿಗಿ ಯಾವ ಕೌದಿ ಕಟ್ಟಿದ್ರಿ?"

"ಫೋಟೊದಾಗ ಇದ್ದದ್ದೇ ಕಟ್ಟೀನಿ," ಅಂದ ಅವನು, ಕೈ ತೊಳೆಯುತ್ತ. "ನೀ ನೀರಿಗಿ ಹೋಗಿದ್ದಿ, ಜೀಪಿನ್ಯಾಗ ಮಂದಿ ಕೂತು ಒದರಾಕತ್ತಿದ್ರು. ಟ್ರಂಕಿನ್ಯಾಗ ಎರಡಿದ್ವು. ಫೋನ್ ಹಿಡಕೊಂಡು ಬರಾಬರ್ ತಾಳೆ ನೋಡೀನಿ. ಹಸರು ಎಲ್ಲದ, ಹಳದಿ ಎಲ್ಲದ, ಒಂದೊಂದು ತುಂಡು ನೋಡೀನಿ. ಹೊಸಾದು ಫೋಟೊದಾಂಗ ಇರಲಿಲ್ಲ. ಯಾಕ, ಏನಾತು?"

ತಪ್ಪು ಹಾಗೆ ಆಗಿತ್ತು. ಅಂಗಡಿಯ ಮೊದಲ ಫೋಟೊ ಅವ್ವನ ಕೌದಿಯದು. ಅದಕ್ಕಿಂತ ಚೆಂದದ್ದು ಮನೆಯಲ್ಲಿ ಇರಲಿಲ್ಲ. ಕೆಳಗೆ "ಇಂಥ ಕೌದಿ ಹೊಲಿದು ಕೊಡಲಾಗುವುದು" ಎಂದು ಬರೆದಿದ್ದಳು. ಕೌಶಲ್ಯಾ ಬರೆದದ್ದು, "ಫೋಟೊದಲ್ಲಿ ಇರುವುದೇ ಬೇಕು, ಬೇರೆಯದು ಬೇಡ" ಎಂದು. ಪೇಟೆಯವರು ಎಲ್ಲರೂ ಹಾಗೇ ಬರೆಯುತ್ತಾರೆ, ಅದೇ ನಮೂನೆ ಬೇಕೆಂದು ಅದರ ಅರ್ಥ, ಅಂದುಕೊಂಡಳು ಶಿರೀಷಾ. "ಆಗಲಿ" ಎಂದು ಉತ್ತರ ಬರೆದಳು. ಅದೊಂದೇ ಮಾತು. ಇನ್ನೆರಡು ಮಾತು ಬರೆದಿದ್ದರೆ, ಇದು ನನ್ನ ಅವ್ವನದು, ಕೊಡುವುದಲ್ಲ ಎಂದಿದ್ದರೆ.

"ಅದು ನಮ್ಮ ಅವ್ವಂದು," ಅಂದಳು ಈಗ.

ಗುರುಲಿಂಗ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಗಿರಾಕಿಗಿ ಫೋಟೊ ಒಂದು ತೋರಿಸಿ ಮಾಲು ಒಂದು ಕಳಸಿದ್ರ ಮೋಸ ಅಲ್ಲೇನು? ಅದಕ್ಕ ನಾ..." ಎಂದವನು ಅಲ್ಲಿಗೇ ಬಿಟ್ಟ.

"ನನಗ ಒಂದು ಮಾತು ಕೇಳಬೇಕಿತ್ತು ನೀವು."

"ನೀ ಒಂದು ಮಾತು ಹೇಳಬೇಕಿತ್ತು. ಐದು ವರ್ಷ ಆತು ಮದುವಿ ಆಗಿ. ಆ ಟ್ರಂಕಿನ್ಯಾಗ ಏನದ ಅಂತ ನನಗ ಒಂದಿನ ಹೇಳಿದಿ ಏನು? ಅದರ ನಡುವ ಒಂದು ಜೇಬು ಇತ್ತು. ಕೌದಿಗೂ ಜೇಬು ಇಟ್ಟಾಳಲ್ಲ ನನ್ನ ಹೆಂಡ್ತಿ, ಶಾಣ್ಯಾಕಿ ಅದಾಳ ಅಂತ ನಕ್ಕೀನಿ ನಾನು."

ಶಿರೀಷಾ ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ಅವಳು ಕೌಶಲ್ಯಾಗೆ ಬರೆದಳು. ತಪ್ಪು ಕೌದಿ ಬಂದಿದೆ, ನಿಮಗೆಂದು ಹೊಲಿದದ್ದು ಇಲ್ಲಿದೆ, ಕಳಿಸುತ್ತೇನೆ, ದಯವಿಟ್ಟು ಅದನ್ನು ತಿರುಗಿ ಕಳಿಸಿರಿ. ಸಂದೇಶದ ಪಕ್ಕದ ಎರಡು ಗೆರೆ ನೀಲಿಯಾದವು. ಉತ್ತರ ಬರಲಿಲ್ಲ. ಮರುದಿನ ಇನ್ನೊಮ್ಮೆ ಬರೆದಳು. ನಾಲ್ಕನೆಯ ದಿನ ಉತ್ತರ ಬಂತು: "ನಮ್ಮ ಅವ್ವ ಬಿಡುತ್ತಿಲ್ಲ. ಹೇಗೆ ಹೇಳಲಿ ತಿಳಿಯದು. ನೀವೇ ಒಮ್ಮೆ ಬರ್ತೀರಾ?"

"ನಾನೇ ಹೋಗಿ ಮಾತಾಡಿ ಬರ್ತೀನಿ," ಅಂದ ಗುರುಲಿಂಗ. "ತಪ್ಪು ನಂದದ."

ಲಕ್ಷ್ಮಿಬಾಯಿ ಅಂಗಳದಿಂದಲೇ ಕೂಗಿದಳು. "ನೀ ಬ್ಯಾಡ. ನೀ ಹೋದ್ರ ರೊಕ್ಕ ವಾಪಸ್ ಕೊಡ್ತೀನಿ ಅಂತಿ, ಅವರು ಬ್ಯಾಡ ಅಂತಾರ, ಚಾ ಕುಡದು ಬರ್ತಿ. ಅವಳ ಅವ್ವನ ಕೌದಿ ಅವಳೇ ಕೇಳಲಿ." ಆಮೇಲೆ ಒಳಗೆ ಬಂದು ಸೊಸೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಎಂದಿಗಿಂತ ಸಣ್ಣ ದನಿಯಲ್ಲಿ ಅಂದಳು: "ಕೂಸು ಅಳದಿದ್ರ ಹಡದಾಕಿನೂ ಹಾಲು ಕೊಡಾಂಗಿಲ್ಲ, ಯವ್ವಾ. ಬಾಯಿ ತಗದು ಕೇಳು. ಎರಡೇ ಮಾತು."

*

ಎರಡೇ ಮಾತು. ಜಹೀರಾಬಾದಿನಲ್ಲಿ ಬಸ್ಸು ಹತ್ತಿದಾಗಿನಿಂದ ಶಿರೀಷಾ ಅವನ್ನೇ ಬಾಯೊಳಗೆ ಹೊರಳಿಸುತ್ತಿದ್ದಳು. ಈ ಕೌದಿ ನಮ್ಮ ಅವ್ವಂದು. ನನಗ ವಾಪಸ್ ಕೊಡ್ರಿ. ಕೊಹಿರ್‌ನಲ್ಲಿ ಪೇರಲ ಮಾರುವವರು ಕಿಟಕಿಗೆ ಮುತ್ತಿಕೊಂಡರು. ಶಾಮಲಾ ಬೆರಳು ತೋರಿಸಿದಳು, ಬೇಕು ಅನ್ನಲಿಲ್ಲ. ಶಿರೀಷಾ ಒಂದು ಕೊಂಡು ಅವಳ ಕೈಗೆ ಕೊಟ್ಟಳು. ಕೊಟ್ಟ ಮೇಲೆ ಮಗಳ ಮುಖವನ್ನು ಬಹಳ ಹೊತ್ತು ನೋಡಿದಳು. ಮಡಿಲಲ್ಲಿದ್ದ ಚೀಲದಲ್ಲಿ ಹೊಸ ಕೌದಿ ಮೆತ್ತಗೆ, ಬೆಚ್ಚಗೆ ಕೂತಿತ್ತು. ಹೊರಗೆ ತೊಗರಿ ಕೊಯ್ದ ಹೊಲಗಳು. ಆಗ ಬಸ್ಸಿಗೆ ಕೊಡುವ ರೊಕ್ಕ ಉಳಿಯಲೆಂದು ಅವ್ವ ಇಂಥ ಹೊಲಗಳ ಬದುವಿನ ಮೇಲೆಯೇ ನಡೆಸುತ್ತಿದ್ದಳು. ಕಾಲು ನೋಯುತ್ತದೆ ಅನ್ನುವುದಕ್ಕೆ ಮೊದಲೇ, "ಅಗೋ ಆ ಗಿಡ ಬಂತಂದ್ರ ಊರು ಬಂತು" ಅನ್ನುತ್ತಿದ್ದಳು. ಆ ಗಿಡ ಬಂದರೆ ಇನ್ನೊಂದು ಗಿಡ ತೋರಿಸುತ್ತಿದ್ದಳು.

ತಾಂಡೂರಿನಲ್ಲಿ ಇಳಿದು ವಿಳಾಸದ ಚೀಟಿಯನ್ನು ಆಟೋದವನಿಗೆ ತೋರಿಸಿದಳು. ರಸ್ತೆಯ ಎರಡೂ ಬದಿ ನೀಲಿಗಲ್ಲಿನ ಹಾಸುಗಳನ್ನು ಒರಗಿಸಿ ನಿಲ್ಲಿಸಿದ್ದರು. ಕಲ್ಲು ಕೊಯ್ಯುವ ಯಂತ್ರಗಳ ಕಿರುಚು. ಬೇವಿನ ಎಲೆಗಳ ಮೇಲೂ ಬಿಳಿ ಪುಡಿ.

ಬಾಗಿಲು ತೆಗೆದ ಕೌಶಲ್ಯಾಗೆ ಐವತ್ತರ ಹತ್ತಿರ ವಯಸ್ಸು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ನೋಡಿದಳು.

"ನೀವೇ ಏನ್ರಿ ಈರವ್ವ? ನಾ ಯಾರೋ ವಯಸ್ಸಾದವರು ಅಂದ್ಕೊಂಡಿದ್ದೆ."

ಶಿರೀಷಾ ಅಲ್ಲವೆಂದು ತಲೆಯಾಡಿಸಿದಳು. "ಈರವ್ವ ನಮ್ಮ ಅವ್ವ."

"ಬರ್ರಿ, ಒಳಗ ಬರ್ರಿ. ನಿಮ್ಮ ಮೆಸೇಜು ಎಲ್ಲಾ ಓದೀನಿ. ಓದಿ ಸುಮ್ಮನಿದ್ದದ್ದು ನನ್ನದೇ ತಪ್ಪು. ಏನಂತ ಬರೀಬೇಕು ನೀವೇ ನೋಡ್ರಿ." ನಡೆಯುತ್ತಲೇ ಅವಳು ದನಿ ತಗ್ಗಿಸಿ ಹೇಳಿದಳು. ತನ್ನ ಅವ್ವ ಕಳೆದ ಮಳೆಗಾಲದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗಿನಿಂದ ಹಾಸಿಗೆ ಬಿಟ್ಟು ಎದ್ದಿಲ್ಲ. ಯಾವ ಹೊದಿಕೆ ಹೊದಿಸಿದರೂ ಕಿತ್ತು ಎಸೆಯುತ್ತಿದ್ದಳು. "ಒಂದಿನ ನಾ ಫೋನ್ ನೋಡಾಕತ್ತಿದ್ದೆ. ಅವ್ವ ಕಸಗೊಂಡು, 'ಇದು ನನ್ನ ಸೀರಿ' ಅಂದ್ಳು. ಮುಪ್ಪಿನ ಮಾತು ಅಂತ ನಕ್ಕೆ. ಎರಡು ದಿನ ಉಣಲಿಲ್ಲ ನೋಡ್ರಿ. ಅದಕ್ಕೇ ಬರದೆ ನಿಮಗ, ಅದೇ ಬೇಕು ಅಂತ."

ಒಳಕೋಣೆಯ ಮಂಚದ ಮೇಲೆ ಮುದುಕಿ ಮಲಗಿದ್ದಳು. ಮೈ ಕುಗ್ಗಿದ್ದರೂ ಎಲುಬು ಉದ್ದ. ಕುತ್ತಿಗೆಯವರೆಗೆ ಶಿರೀಷಾಳ ಅವ್ವನ ಕೌದಿ.

ಶಿರೀಷಾ ಮೊದಲು ಕಂಡದ್ದು ಮುದುಕಿಯನ್ನಲ್ಲ. ಝರಾಸಂಗದ ಗೌಡತಿಯ ಹಳದಿ, ನಾರಾಯಣಖೇಡದ ಬಾಣಂತಿಯ ಚಿಕ್ಕ ಚಿಕ್ಕ ಹೂವಿನ ನೀಲಿ, ಬಳೆಗಾರನ ಹೆಂಡತಿಯ ಜಂಬುನೇರಳೆ, ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಎಡಗಡೆಗೆ ಒಂದು ದೊಡ್ಡ ಹಸಿರು ತುಂಡು. ಅದರ ಮೇಲೆ ಮುದುಕಿಯ ಕೈ.

"ಅವ್ವಾ, ಕೌದಿ ಹೊಲಿಯವರ ಮಗಳು ಬಂದಾಳ ನೋಡು," ಅಂದಳು ಕೌಶಲ್ಯಾ. "ನಮ್ಮ ಅವ್ವ ಬಸವೇಶ್ವರಿ, ರಾಯಿಕೋಡಿನವರು."

ರಾಯಿಕೋಡ್ ಅಂದಾಗ ಶಿರೀಷಾ ಮುದುಕಿಯ ಮುಖವನ್ನು ನೋಡಿದಳು. ಬೇವಿನ ನೆರಳು, ಬೆನ್ನ ಹಿಂದೆ ಹಿಡಿದ ಕೈ.

ಬಸವೇಶ್ವರಿ ಬಂದವಳನ್ನು ಸರಿಯಾಗಿ ನೋಡಲೂ ಇಲ್ಲ. ಕೌದಿಯೊಡನೆಯೇ ಮಾತಾಡುವಂತೆ ಮಾತಾಡಿದಳು. "ಮದವಿ ಆದ ಮರುವರ್ಷ ಪಂಚಮಿಗಿ ನಮ್ಮ ಅಣ್ಣ ತಂದ ಸೀರಿ ಇದು. ಅವ ಆಮ್ಯಾಲ ತರಲಿಲ್ಲ, ಹೋದ. ಉಟ್ಟು ಉಟ್ಟು ಜಾಳಾದ ಮ್ಯಾಲ ಈರಿಗಿ ಕೊಟ್ಟೆ. ಈರಿ ನನ್ನ ಕೈಲೇ ಹರಸಿದ್ಳು. ಹರದು ಕೊಟ್ಟ ಮ್ಯಾಲ ನಮ್ಮದಲ್ಲ ಅಂತಾರ, ಖರೆ. ಮೈಗಿ ಗೊತ್ತಾಗ್ತದಲ್ಲ ಆದ್ರ." ಸ್ವಲ್ಪ ಹೊತ್ತು ಹಸಿರು ತುಂಡನ್ನು ಹೆಬ್ಬೆರಳಿನಿಂದ ಸವರಿದಳು. "ಈರಿ ಬಾಯಿ ಬಡಬಡ, ಬಡಬಡ. ಸಂಗಡ ಒಂದು ಹುಡುಗಿ ಬರ್ತಿತ್ತು. ಮೂಕಿ, ಪಾಪ. ಬೆಲ್ಲ ಹಿಡಕೊಂಡು ನಿಂತ್ರೂ ಬೇಕು ಅಂತಿರಲಿಲ್ಲ."

ಕೌಶಲ್ಯಾ ಶಿರೀಷಾಳ ಕಡೆ ನೋಡಿದಳು. ಶಿರೀಷಾ ಚೀಲದಿಂದ ಹೊಸ ಕೌದಿಯನ್ನು ತೆಗೆದು ಮಂಚದ ತುದಿಯಲ್ಲಿ ಬಿಡಿಸಿದಳು. ಅವ್ವನ ನಮೂನೆಯದೇ, ಅಂಚಿನಿಂದ ನಡುವಿಗೆ ಸುತ್ತಿ ಬಂದ ಹೊಲಿಗೆ. ಹಸಿರು ತುಂಡಿಗಾಗಿ ಲಕ್ಷ್ಮಿಬಾಯಿ ಬೈದುಕೊಳ್ಳುತ್ತಲೇ ತನ್ನ ಇಲಕಲ್ ಸೀರೆಗೆ ತಾನೇ ಮೊದಲ ಸೀಳು ಹಾಕಿ ಕೊಟ್ಟಿದ್ದಳು. ಮುದುಕಿ ಕೈ ಚಾಚಿ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಆಡಿಸಿದಳು.

"ಕೈ ಈರಿದೇ ಅದ," ಅಂದಳು. "ಅರಿವಿ ನಂದಲ್ಲ."

ಅಂದು ಕೈಯನ್ನು ಹಿಂದಕ್ಕೆ, ಹಸಿರಿನ ಮೇಲಕ್ಕೆ, ತೆಗೆದುಕೊಂಡಳು.

ಅಷ್ಟರಲ್ಲಿ ಶಾಮಲಾ ಮಂಚ ಹತ್ತಿದ್ದಳು. ಮನೆಯಲ್ಲಿ ಮಾಡುವಂತೆ ಹಳೆಯ ಕೌದಿಯ ನಡುವಿಗೆ ತೆವಳಿ, ಕೆಂಪು ತುಂಡಿಗೆ ಬೆರಳು ಹಾಕಿದಳು. ಬೆರಳು ಹೋಗಲಿಲ್ಲ. ಇನ್ನೊಂದು ಬದಿಯಿಂದ ನೋಡಿದಳು. ಅಲ್ಲಿಯೂ ಹೋಗಲಿಲ್ಲ. ತಾಯಿಯ ಕಡೆ ತಿರುಗಿ ಅಂದಳು: "ಅವ್ವಾ, ಮುಚ್ಯಾರ."

ಶಿರೀಷಾ ಬಾಗಿ ಮುಟ್ಟಿದಳು. ಮೂರು ಬದಿ ಅವ್ವನ ಹೊಲಿಗೆ, ಒಂದರ ಹಿಂದೆ ಒಂದು ಇರುವೆ ಸಾಲಿನ ಹಾಗೆ. ನಾಲ್ಕನೆಯ ಬದಿ ಅಡ್ಡಾದಿಡ್ಡಿ, ಒಂದು ಉದ್ದ ಒಂದು ಗಿಡ್ಡ. ದಾರ ಮಾತ್ರ ಅದೇ, ಅವಳೇ ಅವ್ವನಿಗೆ ಪೋಣಿಸಿಕೊಟ್ಟಿದ್ದ ಕೆಂಪು ದಾರ. ಒತ್ತಿದರೆ ಒಳಗೆ ಕಾಳುಗಳು ಸರಿದಾಡಿದವು.

"ನಾನೇ ಹೊಲದೆ," ಅಂದಳು ಬಸವೇಶ್ವರಿ, ಹೆಮ್ಮೆಯಿಂದ. "ಹೊಟ್ಟಿ ಹಂಗೇ ಬಿಟ್ಟಿದ್ರು, ಸೂಜಿ ಅಲ್ಲೇ ಚುಚ್ಚಿತ್ತು. ಈರಿ ಎಂದೂ ಹಂಗ ಬಿಟ್ಟಾಕಿ ಅಲ್ಲ. ಏನೋ ಆಗ್ಯದ ಆಕಿಗಿ ಅಂತ ತಿಳೀತು ನನಗ. ಕೌಶಿಗಿ ಹೇಳಿ ಜ್ವಾಳ ತರಿಸಿದೆ. ಈರಿ ಕೌದಿ ಹಸದು ಇರಬಾರದು."

"ಮೂರು ದಿನ ಹಿಡೀತು ಅವ್ವಗ, ಆ ಒಂದು ಬದಿ ಹೊಲ್ಯಾಕ," ಅಂದಳು ಕೌಶಲ್ಯಾ. "ಕೈ ನಡುಗ್ತದ. ನಾ ಹೊಲೀತೀನಿ ಅಂದ್ರ ಕೊಡಲಿಲ್ಲ. ಕೂಡ್ರಿ ನೀವು, ಚಾ ತರ್ತೀನಿ."

ಅವಳು ಚಹಾ ತರುವವರೆಗೂ ಶಿರೀಷಾ ನಿಂತೇ ಇದ್ದಳು. ಮೂರು ವರ್ಷ ತಾನು ಮುಚ್ಚಲಾ‌ರದೆ ಇಟ್ಟದ್ದನ್ನು ನಡುಗುವ ಕೈ ಮುಚ್ಚಿತ್ತು. ಬೆರಳು ತೂರಿಸಿ ಕೂರಲು ಇನ್ನು ಜಾಗವಿರಲಿಲ್ಲ. ನೀರು ಕುಡಿಯಲು ಎದ್ದು ಹೋದವಳು ಬರುವುದಿಲ್ಲ ಎಂದು ಯಾರೋ ಕೂಗಿ ಹೇಳಿದಂತಾಯಿತು. ಸಿಟ್ಟು ಬಂತು. ಆ ಸಿಟ್ಟಿನ ಬೆನ್ನಿಗೇ ಅವ್ವನ ಕೌದಿಗೆ ಕೊನೆಗೂ ಹೊಟ್ಟೆ ತುಂಬಿತಲ್ಲ ಎಂದೂ ಅನ್ನಿಸಿತು. ಮಂಚದ ಮೇಲಿನ ಮುದುಕಿ ಈಗ ಬೆಚ್ಚಗಿದ್ದಳು. ಉಣ್ಣುತ್ತಿದ್ದಳು. ಹೊದಿಕೆ ಕಿತ್ತು ಎಸೆಯುತ್ತಿರಲಿಲ್ಲ. ಏನೂ ಅನ್ನದೆ ಹೊಸ ಕೌದಿಯನ್ನು ಮಡಚಿ, ಚಹಾ ಕುಡಿದು, ಹೊರಟುಬಿಡಬಹುದಿತ್ತು. ಶಿರೀಷಾಗೆ ಅದು ಬಹಳ ಸುಲಭ. ಹುಟ್ಟಿದಾಗಿನಿಂದ ಅದನ್ನೇ ಮಾಡಿಕೊಂಡು ಬಂದವಳು. "ಆಗಲಿ" ಅಂದರೆ ಮುಗಿಯಿತು.

ಶಾಮಲಾ ಮುಚ್ಚಿದ ಹೊಟ್ಟೆಯ ಮೇಲೆ ಕೆನ್ನೆಯಿಟ್ಟು ಮಲಗಿ ತಾಯಿಯನ್ನೇ ನೋಡುತ್ತಿದ್ದಳು. ಕೊಹಿರ್‌ನಲ್ಲಿ ಪೇರಲ ಹಣ್ಣನ್ನು ನೋಡಿದ ಅದೇ ಕಣ್ಣು.

"ಆಯಿ," ಅಂದಳು ಶಿರೀಷಾ. ದನಿ ಒಡೆಯಿತು. "ಆ ಮೂಕಿ ನಾನೇ. ಈ ಕೌದಿ ನಮ್ಮ ಅವ್ವ ನನಗಂತ ಹೊಲದದ್ದು. ಅವ್ವ ಇಲ್ಲ ಈಗ."

ಬಸವೇಶ್ವರಿಯ ಹೆಬ್ಬೆರಳು ಹಸಿರು ತುಂಡಿನ ಮೇಲೆ ಸವರುವುದನ್ನು ನಿಲ್ಲಿಸಿತು. ಚಹಾದ ತಟ್ಟೆ ಹಿಡಿದ ಕೌಶಲ್ಯಾ ಬಾಗಿಲಲ್ಲೇ ನಿಂತಳು. ಹೊರಗೆ ಕಲ್ಲು ಕೊಯ್ಯುವ ಯಂತ್ರ ನಿಂತು, ಮತ್ತೆ ಶುರುವಾಯಿತು. ಮುದುಕಿ ಮೊದಲ ಬಾರಿಗೆ ಬಂದವಳ ಮುಖವನ್ನು ನೆಟ್ಟಗೆ ನೋಡಿದಳು. ಆಮೇಲೆ ಕೌದಿಯನ್ನು ನೋಡಿದಳು. ಅವಳ ಕೈ ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

ಶಿರೀಷಾ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಇಡೀ ಕೋಣೆಗೆ ಕೇಳುವಂತೆ ಹೇಳಿದಳು:

"ನನಗ ಬೇಕು, ಆಯಿ. ವಾಪಸ್ ಕೊಡ್ರಿ."